ಊರು ಕಟ್ಟಿ ನೋಡು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ಕನ್ನಡನಾಡಿನಲ್ಲಿ ಎಲ್ಲರೂ ಬಲ್ಲ ಗಾದೆ. ಈ ಎರಡು ಕಾರ್ಯಗಳ ಕಷ್ಟವನ್ನು ಕೇಳಿ ತಿಳಿಯಲಾಗದು, ಮಾಡಿಯೇ ತಿಳಿಯಬೇಕು ಎಂಬುದು ಅದರ ತಾತ್ಪರ್ಯ. ಒಂದು ಮನೆಯನ್ನು ಕಟ್ಟುವುದೇ ಇಷ್ಟು ಪ್ರಯಾಸದ ಕೆಲಸವಾದರೆ, ಸಾವಿರಾರು ಮನೆಗಳಿರುವ ಊರನ್ನು ಕಟ್ಟುವುದು ಎಷ್ಟು ಹೊಣೆಯ ಕೆಲಸವಾಗಿರಬೇಕು! ಮನೆ ಕಟ್ಟುವವನು ತಪ್ಪಿದರೆ ಅದರ ಫಲವನ್ನು ಅವನ ಕುಟುಂಬವು ಅನುಭವಿಸುತ್ತದೆ. ಊರು ಕಟ್ಟುವವರು ತಪ್ಪಿದರೆ ಅದರ ಫಲವನ್ನು ಇನ್ನೂ ಹುಟ್ಟದಿರುವವರೂ ಅನುಭವಿಸಬೇಕಾಗುತ್ತದೆ. ಹೀಗಿದ್ದರೂ ಊರಿನ ಬೆಳವಣಿಗೆಯ ಬಗ್ಗೆ ನಿರ್ಣಯ ಕೈಗೊಳ್ಳುವ ಅಧಿಕಾರಿಗಳಿಗೂ ಜನಪ್ರತಿನಿಧಿಗಳಿಗೂ ಮೊದಲು ‘ಕಟ್ಟಿ ನೋಡುವ’ ಅವಕಾಶ ದೊರೆಯುವುದು ಅಪರೂಪ. ಅಂಥ ಅವಕಾಶವನ್ನು ಆಟದ ರೂಪದಲ್ಲಿ ಒದಗಿಸಿಕೊಡುವ ಶಿಕ್ಷಣಕ್ರಮವೊಂದು ಕಳೆದ ಶತಮಾನದಲ್ಲಿ ರೂಪುಗೊಂಡಿದೆ. ಅದನ್ನು ಅನುಕೃತಿ ಎಂದು ಕರೆಯಬಹುದು.

ಈ ಶಿಕ್ಷಣ ಏಕೆ ಬೇಕು ಎಂಬುದನ್ನು ತಿಳಿಯಲು ಬೆಳೆಯುತ್ತಿರುವ ಯಾವುದಾದರೊಂದು ಊರಿನ ಅಂಚನ್ನು ಗಮನಿಸಿದರೆ ಸಾಕು. ಶಿವಮೊಗ್ಗ ನಗರದ ಗೋಪಾಳವು ಅಂಥದೊಂದು ಸ್ಥಳ. ಅದರ ಹೆಸರು ಹಳ್ಳಿಯದು, ಇಂದಿನ ರೂಪ ನಗರದ್ದು. ತುಂಗಾ ನದಿಯ ನೀರಿನಿಂದ ಹಸುರಾದ ಬಯಲುಗಳ ನಡುವೆ ಇರುವ ಶಿವಮೊಗ್ಗವು ದಶಕದಿಂದ ದಶಕಕ್ಕೆ ಹಿಗ್ಗುತ್ತ ಬಂದಿದೆ. 2001ರ ಜನಗಣತಿಯಲ್ಲಿ ಸುಮಾರು 2 ಲಕ್ಷ 74 ಸಾವಿರವಿದ್ದ ನಗರದ ಜನಸಂಖ್ಯೆಯು 2011ರ ವೇಳೆಗೆ 3 ಲಕ್ಷ 22 ಸಾವಿರವನ್ನು ಮೀರಿತು. 2023ರ ಫೆಬ್ರವರಿಯಲ್ಲಿ ಸಮೀಪದ ಸೋಗಾನೆಯಲ್ಲಿ ವಿಮಾನ ನಿಲ್ದಾಣವೂ ಉದ್ಘಾಟನೆಯಾಯಿತು. ಜನರು ಬಂದಂತೆ ಮನೆಗಳು ಬೇಕಾಗುತ್ತವೆ. ಮನೆಗಳಿಗೆ ನೆಲ ಬೇಕಾಗುತ್ತದೆ. ನಿನ್ನೆಯವರೆಗೆ ಎಕರೆ ಗುಂಟೆಗಳಲ್ಲಿ ಅಳೆಯುತ್ತಿದ್ದ ನೆಲವನ್ನು ಚದರ ಅಡಿಗಳಲ್ಲಿ ಅಳೆಯತೊಡಗಿದರೆಂದರೆ ಹಳ್ಳಿಯು ನಗರದೊಳಕ್ಕೆ ಸೇರಿತೆಂದೇ ಅರ್ಥ.

ಇಂಥ ಬೆಳವಣಿಗೆಯನ್ನು ನೆರೆಯ ಭದ್ರಾವತಿಯೊಡನೆ ಹೋಲಿಸಿದರೆ ಅದರ ಸ್ವರೂಪ ಇನ್ನೂ ಸ್ಪಷ್ಟವಾಗುತ್ತದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. ಅಲ್ಲಿ ಕಾರ್ಮಿಕರ ವಸತಿಗಳನ್ನು ಕಾರ್ಖಾನೆಯೇ ಕಟ್ಟಿಸಿತು. ನೆಲವನ್ನು ಪಡೆದವರು, ನಕ್ಷೆಯನ್ನು ಬರೆಸಿದವರು, ಹಣವನ್ನು ಹೂಡಿದವರು ಎಲ್ಲರೂ ಒಂದೇ ಆಡಳಿತಕ್ಕೆ ಸೇರಿದವರು. ಗೋಪಾಳದಂಥ ನಗರದಂಚಿನ ಪ್ರದೇಶಗಳಲ್ಲಿ ಹಾಗಲ್ಲ. ಹೊಲದ ಒಡೆಯ ಒಬ್ಬ, ಬಡಾವಣೆಯ ನಿರ್ಮಾಪಕ ಮತ್ತೊಬ್ಬ, ಸಾಲ ಕೊಡುವ ಬ್ಯಾಂಕು ಬೇರೊಂದು. ನಿವೇಶನ ಕೊಳ್ಳುವವರು ನೂರಾರು ಮಂದಿ. ಇವರೆಲ್ಲರ ನಡುವೆ ನಿಂತು ‘ಆಗಬಹುದು’ ಅಥವಾ ‘ಆಗದು’ ಎಂದು ಹೇಳುವ ಹೊಣೆ ಸರ್ಕಾರದ್ದು. ಕೃಷಿಭೂಮಿಯನ್ನು ಬೇರೆ ಉದ್ದೇಶಕ್ಕೆ ಪರಿವರ್ತಿಸಲು 1964ರ ಕರ್ನಾಟಕ ಭೂಕಂದಾಯ ಕಾಯಿದೆಯಂತೆ ಅನುಮತಿಯ ಕ್ರಮವುಂಟು. ಊರಿನ ಯಾವ ಭಾಗದಲ್ಲಿ ವಸತಿ, ಯಾವ ಭಾಗದಲ್ಲಿ ವ್ಯಾಪಾರ, ಯಾವ ಭಾಗದಲ್ಲಿ ಉದ್ಯಾನ ಎಂಬುದನ್ನು ಗೊತ್ತುಪಡಿಸುವ ಮಹಾಯೋಜನೆಗೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯು ಆಧಾರ. 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯಿದೆಯ ಆಶ್ರಯದಲ್ಲಿ ಶಿವಮೊಗ್ಗ ಮತ್ತು ಭದ್ರಾವತಿ ಎರಡೂ ನಗರಗಳಿಗೆ ಸೇರಿದಂತೆ ಒಂದೇ ನಗರಾಭಿವೃದ್ಧಿ ಪ್ರಾಧಿಕಾರವಿದೆ.

ಕಾನೂನುಗಳು ಹೀಗೆ ಇದ್ದರೂ ಅವುಗಳನ್ನು ಪ್ರಯೋಗಿಸುವವರು ಮನುಷ್ಯರೇ. 1992ರಲ್ಲಿ ಸಂಸತ್ತು ಅಂಗೀಕರಿಸಿದ ಸಂವಿಧಾನದ 74ನೆಯ ತಿದ್ದುಪಡಿಯು 12ನೆಯ ಅನುಸೂಚಿಯನ್ನು ಸೇರಿಸಿತು. ನಗರಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳನ್ನು ಅದರಲ್ಲಿ ಹೇಳಿದೆ. ಅವುಗಳಲ್ಲಿ ನಗರ ಯೋಜನೆಯೇ ಮೊದಲನೆಯದು. ನಗರಸಭೆಗೆ ಆಯ್ಕೆಯಾಗಿ ಬರುವವರಲ್ಲಿ ಶಿಕ್ಷಕರು, ವ್ಯಾಪಾರಿಗಳು, ಗೃಹಿಣಿಯರು, ವಕೀಲರು ಹೀಗೆ ಎಲ್ಲ ಬಗೆಯ ಜನರೂ ಇರುತ್ತಾರೆ. ಅದು ಪ್ರಜಾಪ್ರಭುತ್ವದ ಸೊಗಸು. ಆದರೆ ನೆಲದ ಬೆಲೆ ಹೇಗೆ ಏರುತ್ತದೆ, ಒಂದು ಬಡಾವಣೆಯ ಲೆಕ್ಕಾಚಾರ ಹೇಗೆ ನಡೆಯುತ್ತದೆ ಎಂಬುದನ್ನು ಅವರು ಎಲ್ಲಿಯೂ ಕಲಿತಿರುವುದಿಲ್ಲ. ಅಧಿಕಾರಿಗಳ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆಯಲ್ಲ. ಅವರಿಗೆ ನಿಯಮಗಳು ಗೊತ್ತು. ನಿಯಮದ ಆಚೆ ಕುಳಿತವನ ಲೆಕ್ಕ ಗೊತ್ತಿರುವುದು ಕಡಿಮೆ.

ಈ ಅಜ್ಞಾನದ ಬೆಲೆ ದೊಡ್ಡದು. ಕಾಗದದ ಮೇಲೆ ಎಳೆದ ಗೆರೆಯನ್ನು ಅಳಿಸಬಹುದು. ನೆಲದ ಮೇಲೆ ಎಳೆದ ರಸ್ತೆಯನ್ನು ಅಳಿಸುವುದು ಅಸಾಧ್ಯವೆಂದೇ ಹೇಳಬೇಕು. ಮಳೆಯ ನೀರು ಹರಿಯುವ ಹಳ್ಳವನ್ನು ಕಿರಿದು ಮಾಡಿ ಅದರ ದಡದಲ್ಲಿ ನಿವೇಶನಗಳನ್ನು ಹಂಚಿದ ಮೇಲೆ, ಹಳ್ಳವು ತನ್ನ ದಾರಿಯನ್ನು ಮರೆಯುವುದಿಲ್ಲ. 2019ರ ಆಗಸ್ಟ್ ತಿಂಗಳಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿದಾಗ ಅನೇಕ ಕುಟುಂಬಗಳು ಮನೆ ಬಿಟ್ಟು ಹೊರಡಬೇಕಾಯಿತು. ನೆಲದ ಬಗೆಗಿನ ನಿರ್ಣಯಗಳಲ್ಲಿ ನೀರಿನ ಮಾತನ್ನು ಕೇಳದೆ ಇರಬಾರದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹಾಗಾದರೆ ತಪ್ಪು ಮಾಡಿ ಕಲಿಯಲೂ ಆಗದ, ತಪ್ಪು ಮಾಡದೆ ಕಲಿಯಲೂ ಆಗದ ಈ ವಿದ್ಯೆಯನ್ನು ಕಲಿಸುವುದು ಹೇಗೆ? ನಿಜದ ಸನ್ನಿವೇಶವನ್ನು ಚಿಕ್ಕದಾಗಿ, ಅಪಾಯವಿಲ್ಲದಂತೆ ಮತ್ತೆ ನಿರ್ಮಿಸಿ, ಕಲಿಯುವವರನ್ನು ಅದರೊಳಗೆ ನಿಲ್ಲಿಸುವುದೇ ಅನುಕೃತಿಯ ಉಪಾಯ. ಶಾಲೆಗಳಲ್ಲಿ ನಡೆಯುವ ಅಣಕು ಸಂಸತ್ತು ಇದರ ಪರಿಚಿತ ರೂಪ. ವಿಮಾನ ಚಾಲಕನು ಆಕಾಶಕ್ಕೆ ಏರುವ ಮೊದಲು ನೆಲದ ಮೇಲಿನ ಯಂತ್ರದಲ್ಲಿ ಕುಳಿತು ಅಭ್ಯಾಸ ಮಾಡುವುದೂ ಅನುಕೃತಿಯೇ. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಷ್ಯಾ ದೇಶದ ಸೇನಾಧಿಕಾರಿಗಳು ಭೂಪಟದ ಮೇಲೆ ಕಾಯಿಗಳನ್ನು ನಡೆಸಿ ಯುದ್ಧವನ್ನು ಅಭ್ಯಸಿಸುತ್ತಿದ್ದರು. ಅದೇ ವಿಧಾನವು 1960ರ ದಶಕದಲ್ಲಿ ನಗರಗಳ ವಿಷಯಕ್ಕೂ ಬಂದಿತು. ಅಮೆರಿಕದ ರಿಚರ್ಡ್ ಡ್ಯೂಕ್ ಎಂಬ ವಿದ್ವಾಂಸರು ಮಿಷಿಗನ್ ರಾಜ್ಯದ ಲಾನ್ಸಿಂಗ್ ನಗರದ ಆಡಳಿತವನ್ನು ಮನಸ್ಸಿನಲ್ಲಿಟ್ಟುಕೊಂಡು ‘ಮೆಟ್ರೊಪೊಲಿಸ್’ ಎಂಬ ಆಟವನ್ನು ರಚಿಸಿದರು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಅಲನ್ ಫೆಲ್ಟ್ ಅವರು ನೆಲದ ಬಳಕೆಯನ್ನು ಕುರಿತ ಇನ್ನೊಂದು ಆಟವನ್ನು ರೂಪಿಸಿದರು.

ಇಂದು ಈ ಬಗೆಯ ಶಿಕ್ಷಣದಲ್ಲಿ ಹೆಚ್ಚು ಪ್ರಸಿದ್ಧವಾದುದು ‘ಅರ್ಬನ್ ಪ್ಲಾನ್’ ಎಂಬ ಅನುಕೃತಿ. ಅರ್ಬನ್ ಲ್ಯಾಂಡ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ ಅದನ್ನು ನಡೆಸುತ್ತದೆ. ಮೊದಲು ಪ್ರೌಢಶಾಲೆಯ ಮತ್ತು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗಾಗಿ ರಚಿತವಾದ ಈ ಆಟವನ್ನು ಅನಂತರ ಸಾರ್ವಜನಿಕ ಅಧಿಕಾರಿಗಳ ಅಲ್ಪಾವಧಿಯ ಶಿಬಿರಗಳಿಗೂ ಹೊಂದಿಸಲಾಯಿತು. ಎಲ್ಮ್‌ವುಡ್ ಎಂಬ ಕಲ್ಪಿತ ಹಳೆಯ ಬಡಾವಣೆಯನ್ನು ಪುನರ್ನಿರ್ಮಿಸುವ ಹೊಣೆಯನ್ನು ಆಟಗಾರರ ತಂಡಗಳಿಗೆ ವಹಿಸಲಾಗುತ್ತದೆ. ತಂಡದಲ್ಲಿ ಒಬ್ಬರು ಹಣಕಾಸು ನೋಡಬೇಕು, ಒಬ್ಬರು ಮಾರಾಟ ನೋಡಬೇಕು, ಒಬ್ಬರು ನಕ್ಷೆ ಮಾಡಬೇಕು. ನಗರಾಡಳಿತದೊಡನೆ ಮಾತನಾಡುವವರು ಒಬ್ಬರು, ನೆರೆಹೊರೆಯವರೊಡನೆ ಮಾತನಾಡುವವರು ಇನ್ನೊಬ್ಬರು. ಪ್ಲಾಸ್ಟಿಕ್ ಇಟ್ಟಿಗೆಗಳಿಂದ ಕಟ್ಟಡಗಳ ಮಾದರಿಯನ್ನು ಜೋಡಿಸುತ್ತಾರೆ. ಒಂದು ಇಟ್ಟಿಗೆಯನ್ನು ಸರಿಸಿದರೆ ಲೆಕ್ಕದ ಪಟ್ಟಿಯಲ್ಲಿ ಆದಾಯವೂ ವೆಚ್ಚವೂ ಬದಲಾಗುತ್ತವೆ. ಅಲ್ಲಿಯೇ ಇರುವ ನಿರ್ಗತಿಕರ ಆಶ್ರಯಧಾಮವನ್ನು ಉಳಿಸಬೇಕೆ, ಬೇರೆಡೆಗೆ ಸಾಗಿಸಬೇಕೆ ಎಂಬ ಪ್ರಶ್ನೆಗೂ ಉತ್ತರ ಹೇಳಬೇಕು. ಕೊನೆಯಲ್ಲಿ ಪ್ರತಿಯೊಂದು ತಂಡವೂ ಅಣಕು ನಗರಸಭೆಯ ಮುಂದೆ ನಿಂತು ತನ್ನ ಯೋಜನೆಯನ್ನು ಸಮರ್ಥಿಸಿಕೊಳ್ಳಬೇಕು.

ಕರ್ನಾಟಕದಲ್ಲಿಯೂ ಈ ದಿಕ್ಕಿನ ಪ್ರಯತ್ನಗಳು ನಡೆದಿವೆ. ಬೆಂಗಳೂರಿನ ‘ಫೀಲ್ಡ್ಸ್ ಆಫ್ ವ್ಯೂ’ ಎಂಬ ಲಾಭೋದ್ದೇಶವಿಲ್ಲದ ಸಂಶೋಧನ ಸಂಸ್ಥೆಯು ಸಾರ್ವಜನಿಕ ಸಮಸ್ಯೆಗಳನ್ನು ಆಟಗಳ ಮೂಲಕ ಅರಿಯುವ ಕಾರ್ಯದಲ್ಲಿ ತೊಡಗಿದೆ. ಅದರ ‘ಸಿಟಿ ಗೇಮ್’ ಎಂಬ ಆಟದಲ್ಲಿ ಆಟಗಾರರು ಒಟ್ಟಾಗಿ ಕುಳಿತು ಒಂದು ನಗರವನ್ನು ಕಟ್ಟುತ್ತ ಹೋಗುತ್ತಾರೆ. ನಗರದ ಕಸದ ಸಮಸ್ಯೆಯನ್ನು ಕುರಿತ ‘ರಬ್ಬಿಷ್’ ಎಂಬ ಆಟವನ್ನೂ ಅದು ರಚಿಸಿದೆ. ಇನ್ನು ಅಧಿಕಾರಿಗಳ ಮತ್ತು ಚುನಾಯಿತ ಪ್ರತಿನಿಧಿಗಳ ತರಬೇತಿಗಾಗಿ ಮೈಸೂರಿನಲ್ಲಿ ಆಡಳಿತ ತರಬೇತಿ ಸಂಸ್ಥೆಯೂ ರಾಜ್ಯ ನಗರಾಭಿವೃದ್ಧಿ ಸಂಸ್ಥೆಯೂ ಇವೆ. ತರಬೇತಿಯ ಉಪನ್ಯಾಸವು ನಿಯಮವನ್ನು ತಿಳಿಸಬಲ್ಲುದು. ಆಟವು ಆ ನಿಯಮದ ಪರಿಣಾಮವನ್ನು ಕಣ್ಣಿಗೆ ಕಾಣಿಸಬಲ್ಲುದು.

ಆಟದಿಂದ ಏನು ಕಾಣುತ್ತದೆ ಎಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ವಿವರಿಸಬಹುದು. ಗೋಪಾಳದಂಥ ನಗರದಂಚಿನಲ್ಲಿ 10 ಎಕರೆ ಜಮೀನು ಇದೆಯೆಂದು ಭಾವಿಸೋಣ. ಅದರ ತಗ್ಗಿನಲ್ಲಿ ಒಂದು ಮಳೆಗಾಲದ ಹಳ್ಳ ಹರಿಯುತ್ತದೆ. ಆಟಕ್ಕೆ ಬಂದ ಅಧಿಕಾರಿಗಳಲ್ಲಿ ಒಬ್ಬರು ಜಮೀನಿನ ಒಡೆಯನಾಗುತ್ತಾರೆ, ಒಬ್ಬರು ಬಡಾವಣೆಯ ನಿರ್ಮಾಪಕ, ಒಬ್ಬರು ಬ್ಯಾಂಕಿನ ವ್ಯವಸ್ಥಾಪಕ, ಒಬ್ಬರು ನಿವೇಶನ ಕೊಳ್ಳಬಯಸುವ ಸಾಮಾನ್ಯ ನೌಕರ, ಒಬ್ಬರು ಹಳ್ಳದ ಕೆಳದಂಡೆಯಲ್ಲಿ ಈಗಾಗಲೇ ವಾಸವಾಗಿರುವ ನಿವಾಸಿ. ಯಾರಿಗೂ ಅವರ ನಿಜವಾದ ಹುದ್ದೆಯನ್ನು ಕೊಡುವುದಿಲ್ಲ. ಜಮೀನಿನಲ್ಲಿ ನೂರಕ್ಕೆ 55 ಭಾಗ ನಿವೇಶನಗಳಿಗೆ, 30 ಭಾಗ ರಸ್ತೆಗಳಿಗೆ, 10 ಭಾಗ ಉದ್ಯಾನಕ್ಕೆ, 5 ಭಾಗ ಶಾಲೆ ಮೊದಲಾದ ನಾಗರಿಕ ಸೌಕರ್ಯಗಳಿಗೆ ಮೀಸಲು ಎಂಬುದು ಆಟದ ನಿಯಮ.

ಲೆಕ್ಕ ಆರಂಭವಾಗುತ್ತದೆ. ಒಂದು ಎಕರೆಗೆ 43,560 ಚದರ ಅಡಿ. 10 ಎಕರೆಯಲ್ಲಿ ನೂರಕ್ಕೆ 55 ಭಾಗವೆಂದರೆ 2,39,580 ಚದರ ಅಡಿ. 30 ಅಡಿ ಅಗಲ, 40 ಅಡಿ ಉದ್ದದ ನಿವೇಶನಗಳನ್ನು ಮಾಡಿದರೆ 199 ನಿವೇಶನಗಳು ದೊರೆಯುತ್ತವೆ. ಜಮೀನಿನ ಬೆಲೆ 10 ಕೋಟಿ ರೂಪಾಯಿ; ರಸ್ತೆ, ಚರಂಡಿ, ನೀರು, ವಿದ್ಯುತ್ತಿನ ವೆಚ್ಚ 6 ಕೋಟಿ. ಈ 16 ಕೋಟಿಯನ್ನು ವರ್ಷಕ್ಕೆ ನೂರಕ್ಕೆ 12ರ ಬಡ್ಡಿಯಲ್ಲಿ ಸಾಲ ತಂದರೆ ಒಂದು ವರ್ಷದ ಬಡ್ಡಿ 1 ಕೋಟಿ 92 ಲಕ್ಷ. ಒಟ್ಟು 17 ಕೋಟಿ 92 ಲಕ್ಷ. ನಿರ್ಮಾಪಕನ ಲಾಭವನ್ನು ಬದಿಗಿಟ್ಟರೂ ಒಂದು ನಿವೇಶನದ ಅಸಲು ಸುಮಾರು 9 ಲಕ್ಷ ರೂಪಾಯಿ ಆಗುತ್ತದೆ.

ಈಗ ಒಂದೊಂದಾಗಿ ಪ್ರಶ್ನೆಗಳು ಏಳುತ್ತವೆ. ಅನುಮತಿಯ ಕಡತವು ಕಚೇರಿಯ ಮೇಜಿನ ಮೇಲೆ ಇನ್ನೂ ಒಂದು ವರ್ಷ ಉಳಿದರೆ ಏನಾಗುತ್ತದೆ? ಅಷ್ಟೇ ಬಡ್ಡಿ ಮತ್ತೊಮ್ಮೆ ಸೇರಿ ನಿವೇಶನದ ಅಸಲು 10 ಲಕ್ಷವನ್ನು ಮುಟ್ಟುತ್ತದೆ. ಕಡತದ ನಿದ್ರೆಗೆ ಬೆಲೆಯಿದೆ. ಅದನ್ನು ತೆರುವವನು ಕಚೇರಿಯವನಲ್ಲ, ನಿರ್ಮಾಪಕನೂ ಅಲ್ಲ, ಕೊನೆಯಲ್ಲಿ ನಿವೇಶನ ಕೊಳ್ಳುವ ಸಾಮಾನ್ಯ ನೌಕರ. ಉದ್ಯಾನವನ್ನು 10 ಭಾಗದಿಂದ 20 ಭಾಗಕ್ಕೆ ಏರಿಸಬೇಕೆಂದು ಸಭೆಯು ಅಪೇಕ್ಷಿಸಿದರೆ? ನಿವೇಶನಗಳ ಸಂಖ್ಯೆ 163ಕ್ಕೆ ಇಳಿದು ಒಂದೊಂದರ ಅಸಲು 11 ಲಕ್ಷದ ಸಮೀಪಕ್ಕೆ ಬರುತ್ತದೆ. ಉದ್ಯಾನ ಒಳ್ಳೆಯದೇ, ಆದರೆ ಪುಕ್ಕಟೆಯಲ್ಲ. ಬಡವರಿಗೂ ಇಲ್ಲಿ ಸ್ಥಳವಿರಬೇಕೆಂದು 40 ನಿವೇಶನಗಳನ್ನು ಎರಡೆರಡಾಗಿ ಸೀಳಿ 80 ಚಿಕ್ಕ ನಿವೇಶನಗಳನ್ನು ತಲಾ 3 ಲಕ್ಷಕ್ಕೆ ಕೊಟ್ಟರೆ? ಉಳಿದ 159 ನಿವೇಶನಗಳವರು ತಲಾ ಸುಮಾರು 76 ಸಾವಿರ ರೂಪಾಯಿ ಹೆಚ್ಚಿಗೆ ಹೊರಬೇಕು. ಹೊರಬಾರದೆಂದೇನೂ ಇಲ್ಲ. ಹೊರುವವರು ಯಾರು, ಎಷ್ಟು ಎಂಬುದನ್ನು ಅರಿತು ನಿರ್ಣಯಿಸಬೇಕು ಎಂಬುದೇ ಇಲ್ಲಿನ ಪಾಠ.

ಇನ್ನು ಹಳ್ಳದ ಸರದಿ. ಮೊದಲ ನಕ್ಷೆಯಲ್ಲಿ ನಿರ್ಮಾಪಕನು ಹಳ್ಳವನ್ನು ಕಿರಿದಾದ ಕಲ್ಲಿನ ಚರಂಡಿಯೊಳಗೆ ಇಳಿಸಿ ಅದರ ಎರಡು ದಡಗಳಲ್ಲಿಯೂ ನಿವೇಶನಗಳನ್ನು ಜೋಡಿಸುತ್ತಾನೆ. ಉದ್ಯಾನವನ್ನು ಬೇರೊಂದು ಮೂಲೆಗೆ ತಳ್ಳುತ್ತಾನೆ. ಲೆಕ್ಕದ ಪಟ್ಟಿಯಲ್ಲಿ ಯಾವ ದೋಷವೂ ಕಾಣುವುದಿಲ್ಲ. ಆಗ ಕೆಳದಂಡೆಯ ನಿವಾಸಿಯ ಪಾತ್ರ ವಹಿಸಿದವರು, ‘ಮಳೆಯ ನೀರು ಎಲ್ಲಿಗೆ ಹೋಗಬೇಕು?’ ಎಂದು ಕೇಳುತ್ತಾರೆ. ಕಚೇರಿಯಲ್ಲಿ ಇಂಥ ಪ್ರಶ್ನೆ ಕೇಳಿದವರನ್ನು ತಕರಾರು ಅರ್ಜಿದಾರರೆಂದು ಕರೆದದ್ದುಂಟು. ಆಟದಲ್ಲಿ ಆ ಕುರ್ಚಿಯಲ್ಲಿ ಕುಳಿತವರು ಸಹೋದ್ಯೋಗಿಯೇ ಆದುದರಿಂದ ಉತ್ತರ ಹೇಳದೆ ವಿಧಿಯಿಲ್ಲ. ಚರ್ಚೆ ಬೆಳೆಯುತ್ತದೆ. ಉದ್ಯಾನಕ್ಕೆಂದು ಹೇಗಿದ್ದರೂ ಒಂದು ಎಕರೆ ಮೀಸಲಾಗಿದೆ. ಮನೆ ಕಟ್ಟಲು ತಕ್ಕುದಲ್ಲದ ಹಳ್ಳದ ದಡವೂ ಸುಮಾರು ಅಷ್ಟೇ ಇದೆ. ಉದ್ಯಾನವನ್ನು ಹಳ್ಳದ ಉದ್ದಕ್ಕೂ ಹಾಸಿದರೆ ಒಂದು ನಿವೇಶನವೂ ಕಡಿಮೆಯಾಗುವುದಿಲ್ಲ. ಮಳೆಗಾಲದಲ್ಲಿ ನೀರಿಗೆ ಹರಡಿಕೊಳ್ಳಲು ಎಡೆಯಾಗುತ್ತದೆ, ಬೇಸಗೆಯಲ್ಲಿ ಮಕ್ಕಳಿಗೆ ಆಟಕ್ಕೆ ಸ್ಥಳವಾಗುತ್ತದೆ. ಒಬ್ಬೊಬ್ಬರು ಪ್ರತ್ಯೇಕವಾಗಿ ಕುಳಿತಾಗ ಕಾಣದಿದ್ದ ದಾರಿ ಎಲ್ಲರೂ ಒಂದೇ ನಕ್ಷೆಯ ಸುತ್ತ ಕುಳಿತಾಗ ಕಾಣುತ್ತದೆ. ಎಲ್ಲ ಸಮಸ್ಯೆಗಳಿಗೂ ಇಷ್ಟು ಸುಲಭವಾದ ಪರಿಹಾರ ದೊರೆಯುವುದಿಲ್ಲ. ಆದರೆ ದೊರೆಯಬಹುದಾದ ಪರಿಹಾರವು ಹುಡುಕದೆ ಹೋದುದರಿಂದ ತಪ್ಪಿಹೋಗಬಾರದು.

ಅನುಕೃತಿಗೆ ತನ್ನದೇ ಆದ ಮಿತಿಗಳೂ ಇವೆ. ಆಟದ ಮೇಜಿನ ಮೇಲೆ ಮಳೆ ಸುರಿಯುವುದಿಲ್ಲ. ಯಾರೂ ಹೊಲವನ್ನು ನಿಜವಾಗಿ ಕಳೆದುಕೊಳ್ಳುವುದಿಲ್ಲ. ಅದಕ್ಕಿಂತ ಮುಖ್ಯವಾದ ಎಚ್ಚರಿಕೆಯೊಂದಿದೆ. ಅಮೆರಿಕದ ಎಲಿಜಬೆತ್ ಮೇಗಿ ಎಂಬ ಮಹಿಳೆ 1904ರಲ್ಲಿ ‘ಲ್ಯಾಂಡ್‌ಲಾರ್ಡ್ಸ್ ಗೇಮ್’ ಎಂಬ ಆಟಕ್ಕೆ ಹಕ್ಕುಪತ್ರ ಪಡೆದಳು. ನೆಲದ ಒಡೆತನವು ಕೆಲವರ ಕೈಯಲ್ಲಿ ಸೇರಿದರೆ ಉಳಿದವರ ಗತಿ ಏನಾಗುತ್ತದೆ ಎಂಬುದನ್ನು ತೋರಿಸುವುದು ಆಕೆಯ ಉದ್ದೇಶ. ಅದಕ್ಕಾಗಿ ಆಕೆ ಎರಡು ಬಗೆಯ ನಿಯಮಗಳನ್ನು ಮಾಡಿದ್ದಳು. ಒಂದರಲ್ಲಿ ಒಬ್ಬನು ಎಲ್ಲರನ್ನೂ ದಿವಾಳಿಯಾಗಿಸಿ ಗೆಲ್ಲುತ್ತಾನೆ. ಇನ್ನೊಂದರಲ್ಲಿ ಸಂಪತ್ತು ಹೆಚ್ಚಿದಂತೆ ಎಲ್ಲರಿಗೂ ಪಾಲು ದೊರೆಯುತ್ತದೆ. 1935ರಲ್ಲಿ ‘ಮೊನೊಪೊಲಿ’ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾದುದು ಮೊದಲನೆಯ ಬಗೆ ಮಾತ್ರ. ಎಚ್ಚರಿಕೆಗಾಗಿ ಹುಟ್ಟಿದ ಆಟವು ಹೀಗೆ ಆಸೆಯ ಆಟವಾಯಿತು. ಆಟದ ನಿಯಮವನ್ನು ಬರೆದವರ ದೃಷ್ಟಿಯೇ ಆಟದ ಪಾಠವಾಗುತ್ತದೆಂಬುದು ಇದರಿಂದ ತಿಳಿಯುತ್ತದೆ. ಲೆಕ್ಕದ ಪಟ್ಟಿಯಲ್ಲಿ ಹಣಕ್ಕೆ ಮಾತ್ರ ಅಂಕಣವಿದ್ದು ನೀರಿಗೆ, ನೆರಳಿಗೆ, ಬಾಡಿಗೆದಾರನಿಗೆ, ಹೊಲದಲ್ಲಿ ಕೂಲಿ ಮಾಡುತ್ತಿದ್ದವನಿಗೆ ಅಂಕಣವಿಲ್ಲದಿದ್ದರೆ, ಆಡಿದವರು ಹಣದ ಲೆಕ್ಕವನ್ನಷ್ಟೇ ಕಲಿತು ಹಿಂದಿರುಗುತ್ತಾರೆ. ಆದುದರಿಂದ ಆಟವನ್ನು ರಚಿಸುವವರು ಯಾರ ಕುರ್ಚಿ ಖಾಲಿ ಉಳಿಯಿತೆಂಬುದನ್ನು ಮೊದಲು ನೋಡಬೇಕು.

ಶಿವಮೊಗ್ಗ ಜಿಲ್ಲೆಗೆ ನೆಲದ ಪ್ರಶ್ನೆ ಹೊಸದಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ನಡೆಸಿದರು. ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿ ನಾಯಕರು ಅವರೊಡನೆ ನಿಂತರು. ಅಂದಿನ ಪ್ರಶ್ನೆ, ಉಳುವವನಿಗೂ ನೆಲಕ್ಕೂ ಇರುವ ಸಂಬಂಧವೇನು ಎಂಬುದು. ನಗರಗಳು ಹಬ್ಬುತ್ತಿರುವ ಇಂದು ಅದರ ಜೊತೆಗೆ ಇನ್ನೊಂದು ಪ್ರಶ್ನೆ ಸೇರಿದೆ: ಉಳುವುದು ನಿಂತುಹೋದ ನೆಲದಲ್ಲಿ ಯಾರು ಬಾಳಬೇಕು, ಹೇಗೆ ಬಾಳಬೇಕು? ಇದಕ್ಕೆ ಉತ್ತರವನ್ನು ಬರೆಯುವ ಲೇಖನಿಯು ಅಧಿಕಾರಿಗಳ ಮತ್ತು ಪ್ರತಿನಿಧಿಗಳ ಕೈಯಲ್ಲಿದೆ. ಸಹಿ ಹಾಕುವ ಮೊದಲು ಅವರು ಒಂದು ದಿನವಾದರೂ ಕೊಳ್ಳುವವನಾಗಿ, ಮಾರುವವನಾಗಿ, ಹಳ್ಳದ ಕೆಳದಂಡೆಯ ನಿವಾಸಿಯಾಗಿ ಕುಳಿತು ನೋಡಿದ್ದರೆ, ಆ ಸಹಿಯ ಭಾರವನ್ನು ಅವರ ಕೈ ಅರಿತಿರುತ್ತದೆ. ಆಟ ಮುಗಿದ ಮೇಲೆ ಇಟ್ಟಿಗೆಗಳನ್ನು ಮತ್ತೆ ಪೆಟ್ಟಿಗೆಗೆ ತುಂಬಬಹುದು. ಗೋಪಾಳದ ಬೀದಿಗಳನ್ನಾಗಲಿ ಇನ್ನಾವುದೇ ಊರಿನ ಬೀದಿಗಳನ್ನಾಗಲಿ ಹಾಗೆ ತುಂಬಿಡಲಾಗದು. ಆದುದರಿಂದಲೇ ಊರನ್ನು ನೆಲದ ಮೇಲೆ ಕಟ್ಟುವ ಮೊದಲು ಮೇಜಿನ ಮೇಲೆ ಒಮ್ಮೆ ಕಟ್ಟಿ ನೋಡುವುದು ವಿವೇಕದ ಮಾರ್ಗ.